ಸತ್ಯಾಂಶ: ಕನ್ನಡಿಗೆ ಸಿಡಿ ಕಟ್ಟಿದರೆ ರೇಡಾರ್ ಕುರುಡಾಗುತ್ತದೆಯೇ?

‘ಕಾರಿನ ಒಳಗನ್ನಡಿಗೆ ಹಳೆಯ ಸಿಡಿ ನೇತುಹಾಕಿ, ಪೊಲೀಸರ ಸ್ಪೀಡ್ ಗನ್‌ಗೆ ವೇಗ ಸಿಗುವುದಿಲ್ಲ’ ಎಂಬ ಫಾರ್ವರ್ಡ್ ಸುಳ್ಳು. ಗನ್ ಬಿಡುವ ರೇಡಾರ್ ಅಲೆ ಬಾನೆಟ್, ಬಂಪರ್, ರೇಡಿಯೇಟರ್‌ಗಳಿಗೆಲ್ಲ ಬಡಿದು ಮರಳುತ್ತದೆ; ಮರಳಿದ ಅಲೆಯ ಆವರ್ತನ ಎಷ್ಟು ಬದಲಾಯಿತು ಎಂಬುದೇ ಲೆಕ್ಕ. 24.15 ಗಿಗಾಹರ್ಟ್ಸ್ ಗನ್ ಎದುರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ಕಾರು ಸುಮಾರು 4,470 ಹರ್ಟ್ಸ್ ವ್ಯತ್ಯಾಸ ತರುತ್ತದೆ. ಸಿಡಿಯೂ ಅದೇ ಕಾರಿನಲ್ಲಿ ಅದೇ ವೇಗದಲ್ಲಿ ಓಡುತ್ತಿದೆಯಲ್ಲ, ಇನ್ನೇನನ್ನು ಮರೆಮಾಚೀತು? ಚಾಲಕರ ಕಣ್ಣಿಗೆ ಅಡ್ಡ ಬರುತ್ತದೆ, ಅಷ್ಟೇ.

ರೇಡಾರ್ ಡಿಟೆಕ್ಟರ್ ಬೇರೆ ವಸ್ತು. ಕಾರಿನೊಳಗಿಡುವ ಈ ಸಾಧನ ಗನ್‌ನ ಅಲೆಯನ್ನು ಆಲಿಸಿ ಚಾಲಕರನ್ನು ಎಚ್ಚರಿಸುತ್ತದೆ, ಅಲೆಯನ್ನು ತಡೆಯುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಗಮನಿಸಿ: ಖಾಸಗಿ ಕಾರಿಗೆ ಬಹುತೇಕ ರಾಜ್ಯಗಳಲ್ಲಿ ಅಡ್ಡಿಯಿಲ್ಲ, ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ ನಿಷೇಧವಿದೆ. ಬ್ಲೈಂಡ್ ಸ್ಪಾಟ್ ಫಿಲ್ಟರ್ (ಇತರ ಕಾರುಗಳ ಬದಿ-ಸೆನ್ಸರ್‌ಗಳ ಅಲೆಯನ್ನು ಸೋಸುವ ಸೌಲಭ್ಯ) ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಪಕ್ಕದ ಕಾರಿನ 24 ಗಿಗಾಹರ್ಟ್ಸ್ ಸೆನ್ಸರ್‌ಗೂ ಕಿರುಚಿಕೊಳ್ಳುತ್ತದೆ. ಮುಂದಿನ ಗಾಜಿನ ಮೇಲ್ಭಾಗದಲ್ಲಿ, ರಸ್ತೆಗೆ ಮಟ್ಟಸವಾಗಿ, ವೈಪರ್ ಮತ್ತು ಲೋಹಲೇಪಿತ ಟಿಂಟ್ ಅಡ್ಡಬರದಂತೆ ಕೂರಿಸಿ. ಕ್ಯಾಲಿಫೋರ್ನಿಯಾದಲ್ಲಿ ಗಾಜಿಗೆ ಅಂಟಿಸಲು ನಿರ್ಬಂಧವಿದೆ. ಅಲ್ಲಿ ಡ್ಯಾಶ್‌ಬೋರ್ಡೇ ಗತಿ.

ರೇಡಾರ್ ಅಲೆಯ ಬದಲು ಬೆಳಕಿನ ಕಿರಣದಿಂದ ವೇಗ ಅಳೆಯುವ ಲೇಸರ್ ಗನ್ ಮುಂದೆ ಡಿಟೆಕ್ಟರ್ ಕೂಡ ಹೆಚ್ಚು ಕೆಲಸಕ್ಕೆ ಬಾರದು. ಆ ಗನ್‌ನ ಕಿರಣ 300 ಮೀಟರ್ ದೂರದಲ್ಲೂ ಸುಮಾರು 1 ಮೀಟರ್ ಅಗಲವಷ್ಟೇ, ಗುರಿ ನಂಬರ್ ಪ್ಲೇಟ್. ಡಿಟೆಕ್ಟರ್ ಕೂಗುವಷ್ಟರಲ್ಲಿ ವೇಗ ದಾಖಲಾಗಿರುತ್ತದೆ.