ಪೇಟೆಂಟ್ ಹುಡುಕುವುದು ನಮ್ಮ ಕೆಲಸವಲ್ಲ!

ಪೇಟೆಂಟ್ ಭಕ್ತರಿಗೆ 2009ರ ಆಗಸ್ಟ್ ಪುಣ್ಯಮಾಸ. 4ನೇ ತಾರೀಕು ಅಮೆರಿಕದ ಪೇಟೆಂಟ್ ಕಚೇರಿ, ವರ್ಡ್ ದಾಖಲೆಯನ್ನು ಒಂದೇ ಎಕ್ಸ್‌ಎಂಎಲ್ (ಬರಹದ ಭಾಗಗಳಿಗೆ ಟ್ಯಾಗ್ ಎಂಬ ಗುರುತುಚೀಟಿ ಅಂಟಿಸುವ ಕ್ರಮ) ಫೈಲಿನಲ್ಲಿ ಇಡುವ ಮಹಾನ್ ಶೋಧನೆಗಾಗಿ ಮೈಕ್ರೋಸಾಫ್ಟ್‌ಗೆ ಪೇಟೆಂಟ್ ದಯಪಾಲಿಸಿತು. ಸರಿಯಾಗಿ ಒಂದು ವಾರಕ್ಕೆ ಟೆಕ್ಸಾಸ್‌ನ ನ್ಯಾಯಾಲಯ, ಕಸ್ಟಮ್ ಎಕ್ಸ್‌ಎಂಎಲ್, ಅಂದರೆ ಬಳಸುವವರೇ ಕಟ್ಟಿಕೊಂಡ ಟ್ಯಾಗ್‌ಗಳನ್ನು ಓದುವ ವರ್ಡ್ ಅನ್ನು ಮಾರಕೂಡದೆಂದು ಅದೇ ಮೈಕ್ರೋಸಾಫ್ಟ್‌ಗೆ ತಾಕೀತು ಮಾಡಿತು. ಕಾರಣ, ಅದು ಬೇರೆಯವರ ಪೇಟೆಂಟಂತೆ!

ಬೇರೆಯವರೆಂದರೆ ಟೊರಾಂಟೊದ ಐಫೋರ್‌ಐ ಎಂಬ ಪುಟ್ಟ ಕಂಪನಿ. ಬರಹ ಒಂದು ಕಡೆ, ಅದರ ಟ್ಯಾಗ್‌ಗಳು ಇನ್ನೊಂದು ಕಡೆ ಇರಲಿ ಎಂಬ ಉಪಾಯಕ್ಕೆ ಅವರು ಅರ್ಜಿ ಹಾಕಿದ್ದು 1994ರಲ್ಲಿ. ಎಕ್ಸ್‌ಎಂಎಲ್ ಆಗಿನ್ನೂ ಹುಟ್ಟಿರಲೇ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ನಾವು ನಗುತ್ತಿದ್ದೆವು. ಈ ಕುಲಾವಿಗೆ ಜ್ಯೂರಿ ಕಟ್ಟಿದ ಬೆಲೆ 20 ಕೋಟಿ ಡಾಲರ್. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಒಮ್ಮತದಿಂದ ಅಸ್ತು ಅಂದಿತು.

ಇಷ್ಟರೊಳಗೆ ಮೈಕ್ರೋಸಾಫ್ಟ್‌ನ ಫೈಲ್ ಸ್ವರೂಪ ಯಾರು ಬೇಕಾದರೂ ಬಳಸಬಹುದಾದ 'ಮುಕ್ತ ಮಾನದಂಡ'ವಾಗಿ 2008ರಲ್ಲೇ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಮುದ್ರೆ ಹಾಕಿಸಿಕೊಂಡಿತ್ತು. ಓಡಿಎಫ್ ಎಂಬ ಇನ್ನೊಂದು ಮುಕ್ತ ಮಾನದಂಡ 2006ರಲ್ಲೇ ಅದೇ ಮುದ್ರೆ ಪಡೆದಿತ್ತಲ್ಲ ಎಂದು ಕೇಳಬೇಡಿ. ಇವರ ಕರಡು 6000 ಪುಟ ದಾಟಿತ್ತು, ತೂಕಕ್ಕಾದರೂ ಬೆಲೆ ಬೇಡವೇ? ಎಕ್ಸೆಲ್‌ನ ಹಳೇ ತಪ್ಪಿಗೆ ನೋವಾಗದಿರಲೆಂದು 1900ನ್ನು ಅಧಿಕ ವರ್ಷವಾಗಿಸಿದ ಔದಾರ್ಯವೂ ಅದರಲ್ಲಿತ್ತು.

ಜತೆಗೆ ಮೈಕ್ರೋಸಾಫ್ಟ್‌ನದೊಂದು ಅಭಯಪತ್ರ: ನೀವು ನಮ್ಮ ಮೇಲೆ ಕೋರ್ಟಿಗೆ ಹೋಗದಿದ್ದರೆ, ಈ ಮಾನದಂಡ ಬಳಸಿದ್ದಕ್ಕೆ ನಾವೂ ನಮ್ಮ ಪೇಟೆಂಟ್ ಹಿಡಿದು ನಿಮ್ಮ ಮೇಲೆ ಬರುವುದಿಲ್ಲ. (ಓಡಿಎಫ್ ಪರವಾಗಿ ಸನ್ ಕಂಪನಿ ಕೊಟ್ಟ ಅಭಯದಲ್ಲೂ ಇದೇ ರಾಗ.) ಉದಾರ ಮಾತೇ. ಆದರೆ ಮೂರನೆಯವರ ಪೇಟೆಂಟ್‌ಗೆ ಅಭಯ ಕೊಡುವವರಾರು? ಐಎಸ್‌ಒ ಜಾಣತನದಲ್ಲಿ ಒಂದು ಕೈ ಮೇಲು. ಇದರಲ್ಲಿ ಯಾರದಾದರೂ ಪೇಟೆಂಟ್ ಇದ್ದರೂ ಇರಬಹುದು, ಅದನ್ನು ಪತ್ತೆಹಚ್ಚುವ ಹೊಣೆ ನಮ್ಮದಲ್ಲ ಎಂದು ಮುನ್ನುಡಿಯಲ್ಲೇ ಅಚ್ಚು ಹಾಕಿಸಿ ಕೈ ತೊಳೆದುಕೊಳ್ಳುತ್ತದೆ. ಹಾಗಾಗಿ ಮಾನದಂಡ ನಂಬಿ ತಂತ್ರಾಂಶ ಬರೆಯುವ ಬಡಪಾಯಿ, ಕೋಡ್‌ಗಿಂತ ಮೊದಲು ವಕೀಲರ ವಿಳಾಸ ಬರೆದಿಟ್ಟುಕೊಳ್ಳುವುದು ಕ್ಷೇಮ. ಓಪನ್‌ಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದವರು ಪುಣ್ಯವಂತರು, ಅವರು ತಮ್ಮ ಪೇಟೆಂಟ್ ತುಳಿದಿಲ್ಲವೆಂದು ಐಫೋರ್‌ಐ ಹೇಳಿಬಿಟ್ಟಿತು.

2010ರ ಜನವರಿಯಿಂದ ಅಮೆರಿಕದಲ್ಲಿ ಮಾರಾಟವಾದ ವರ್ಡ್, ಕಸ್ಟಮ್ ಟ್ಯಾಗ್ ಇರುವ ಫೈಲ್ ತೆರೆದರೆ ಟ್ಯಾಗ್‌ಗಳನ್ನು ಕಿತ್ತು ಹಾಕತೊಡಗಿತು. ಆ ಟ್ಯಾಗ್ ಬರೆಯುವ ಕ್ರಮವನ್ನು ಐಎಸ್‌ಒ ಪುಟಗಳು ಮಾತ್ರ ಸಾಂಗವಾಗಿ ವಿವರಿಸುತ್ತಲೇ ಇದ್ದವು.