ಗೇಮ್ ಬಗ್ಗೆ ಕೇಳಿದರೆ ವಂಶಾವಳಿ ಓದ್ತಾರೆ

ನಿನ್ನೆ ರಾತ್ರಿ ಗೇಮ್ ಆಡ್ತಾ ಕೂತಿದ್ದೆ. ತಂಗಿ ಹಿಂದಿನಿಂದ ಬಂದು ಇಣುಕಿದಳು. 'ಇದೇನು ಗೇಮೋ?' ಅಂದಳು. 'ಮೆಟ್ರಾಯ್ಡ್‌ವೇನಿಯಾ' ಅಂದೆ. 'ಹಾಗಂದ್ರೆ?' 'ಹಾಲೋ ನೈಟ್ ಥರ.' 'ಅದು ಯಾವ ಥರ?' 'ಮೆಟ್ರಾಯ್ಡ್ ಥರ, 1986ರದ್ದು...' ಅಷ್ಟರಲ್ಲಿ ಅವಳು ಎದ್ದು ಹೋಗಿದ್ದಳು. ಸರಿಯಾಗೇ ಮಾಡಿದಳು ಬಿಡಿ.

ಅಲ್ಲ, ಇದೆಂಥ ಹೆಸರಿಡುವ ಪದ್ಧತಿ? ಮೆಟ್ರಾಯ್ಡ್‌ನಿಂದ ಅರ್ಧ, ಕ್ಯಾಸಲ್‌ವೇನಿಯಾ ಅನ್ನೋ ಇನ್ನೊಂದು ಹಳೇ ಗೇಮ್‌ನಿಂದ ಅರ್ಧ ಕಿತ್ತು ಅಂಟಿಸಿದ್ದಾರೆ. ಅಲ್ಲಿ ನಾವು ಮಾಡೋದೇನು? ಒಂದು ದೊಡ್ಡ ಜಾಗದಲ್ಲಿ ಸುತ್ತಬೇಕು, ದಾಟಲಾಗದ ಕಡೆ ವಾಪಸ್ ಬರಬೇಕು, ಎಲ್ಲೋ ಎತ್ತರಕ್ಕೆ ಹಾರುವ ಶಕ್ತಿ ಸಿಕ್ಕಮೇಲೆ ಮತ್ತೆ ಅಲ್ಲಿಗೇ ಹೋಗಬೇಕು. ಇದರಲ್ಲಿ ಒಂದು ಮಾತಾದರೂ ಆ ಹೆಸರಲ್ಲಿದೆಯಾ?

ರೋಗ್‌ಲೈಕ್ ಕಥೆ ಇನ್ನೂ ಚೆಂದ. ರೋಗ್ ಅನ್ನೋ ಗೇಮ್ ಬಂದಿದ್ದು 1980ರಲ್ಲಿ, ಅದರ ಥರದ್ದೆಲ್ಲ ರೋಗ್‌ಲೈಕ್. ಪರದೆ ತುಂಬ ಬರೀ ಅಕ್ಷರ, ಚಿಹ್ನೆ. ಇಮೇಲ್ ವಿಳಾಸದ ಮಧ್ಯೆ ಬರುತ್ತಲ್ಲ ಆ ಸುರುಳಿ ಚಿಹ್ನೆ, ಅದೇ ನೀವು. ಪ್ರತಿ ಸಲ ಕೋಣೆಗಳು ಬೇರೆ, ಸತ್ತರೆ ಮೊದಲಿಂದ ಶುರು. 2008ರಲ್ಲಿ ಬರ್ಲಿನ್‌ನಲ್ಲಿ ಇಂಥ ಗೇಮ್ ಮಾಡೋರ ಸಮ್ಮೇಳನಕ್ಕೆ ಸೇರಿದವರು ರೋಗ್‌ಲೈಕ್ ಅನ್ನಿಸಿಕೊಳ್ಳೋಕೆ ಏನೇನಿರಬೇಕು ಅಂತ ಲಕ್ಷಣಗಳ ಪಟ್ಟಿಯನ್ನೇ ಮಾಡಿದರು. ಆಮೇಲೆ ಆ ಪಟ್ಟಿಗೆ ಪೂರ್ತಿ ಹೊಂದದ ಗೇಮ್‌ಗಳಿಗೆ ರೋಗ್‌ಲೈಟ್ ಅಂತ ಹೆಸರು. ಲೈಕ್, ಲೈಟ್, ಒಂದಕ್ಷರದ ವ್ಯತ್ಯಾಸ. ಅದಕ್ಕೆ ಜನ ಕಾಮೆಂಟಿನಲ್ಲಿ ಆಸ್ತಿ ಪಾಲಿಗೆ ಹೊಡೆದಾಡುವ ಹಾಗೆ ಹೊಡೆದಾಡ್ತಾರೆ.

'ಆಡೋರಿಗೆ ಅರ್ಥ ಆಗುತ್ತಲ್ಲ, ನಿನಗೇನು ಕಷ್ಟ?' ಅನ್ನೋರಿದ್ದಾರೆ. ಆಗುತ್ತೆ ಮಾರಾಯ್ರೆ, ಆಗಲೇ ಆಡಿದ್ದರೆ ಆಗುತ್ತೆ! ಗೊತ್ತಿದ್ದವರಿಗೇ ಗೊತ್ತಾಗೋದಾದರೆ ಹೆಸರು ಯಾಕೆ ಬೇಕು?

ಬೇರೆ ದಾರಿ ಇರಲಿಲ್ಲ ಅಂತೇನೂ ಅಲ್ಲ. 1993ರಲ್ಲಿ ಡೂಮ್ ಬಂತು. ಕೆಲವು ವರ್ಷ ಅಂಥ ಗೇಮ್‌ಗಳನ್ನೆಲ್ಲ ಡೂಮ್ ಕ್ಲೋನ್ ಅಂತಿದ್ದರು. ಆಮೇಲೆ ಫಸ್ಟ್ ಪರ್ಸನ್ ಶೂಟರ್ ಅನ್ನೋ ಹೆಸರೇ ನಿಂತಿತು. ನೋಡೋದು ನಿಮ್ಮ ಕಣ್ಣಿಂದಲೇ, ಕೆಲಸ ಗುಂಡು ಹೊಡೆಯೋದು. ಮುಗೀತು. ಡೂಮ್ ಆಡದವನಿಗೂ ಅರ್ಥವಾಗುತ್ತೆ. ಅಷ್ಟಾದಮೇಲೂ ಡಾರ್ಕ್ ಸೋಲ್ಸ್ ಅನ್ನೋ ಭಾರೀ ಕಷ್ಟದ ಗೇಮ್ ಬಂದಿದ್ದೇ ತಡ, ಮತ್ತೆ ಸೋಲ್ಸ್‌ಲೈಕ್ ಅಂತ ಹಳೇ ಚಾಳಿ ಶುರು. ಈಗಂತೂ ಸ್ವಲ್ಪ ಕಷ್ಟದ ಗೇಮ್ ಆದರೆ ಸಾಕು, ಸೋಲ್ಸ್‌ಲೈಕ್. ಸೋಲೋದು ಜಾಸ್ತಿ ಅಂತಲೋ ಏನೋ.

ವಾಕಿಂಗ್ ಸಿಮ್ಯುಲೇಟರ್ ಅನ್ನೋದು ಹುಟ್ಟಿದ್ದೇ ಬೈಗುಳವಾಗಿ, 'ಸುಮ್ನೆ ನಡೆಯೋದು, ಇದೂ ಒಂದು ಗೇಮಾ' ಅಂತ. ಆದರೂ ಪಾಪ, ಅದರಲ್ಲಿ ಏನು ಮಾಡ್ತೀವಿ ಅಂತ ಅದೊಂದು ಹೆಸರಾದರೂ ಹೇಳುತ್ತೆ. ಬೈದವರೇ ನೆಟ್ಟಗೆ ಹೆಸರಿಟ್ಟರು ನೋಡಿ.

ಇನ್ನು ನನ್ನ ವಿಷಯ. ನನ್ನ ಹಳೇ ಪೋಸ್ಟ್ ನೋಡಿದವರಿಗೆ ಗೊತ್ತು, 'ಅದು ರೋಗ್‌ಲೈಕ್ ಅಲ್ಲ, ರೋಗ್‌ಲೈಟ್' ಅಂತ ಎಷ್ಟು ಜನರನ್ನು ತಿದ್ದಿದ್ದೀನಿ ಅಂತ. ರೋಗ್ ಅನ್ನು ಮೊದಲ ಸಲ ತೆರೆದದ್ದು ಕಳೆದ ತಿಂಗಳು. ಮೂರನೇ ಮಹಡಿಗೇ ಸತ್ತೆ. ಮತ್ತೆ ತೆರೆದಿಲ್ಲ.