ಮೈಲೇಜ್ ಎಷ್ಟು ಸಾರ್?

ಏಪ್ರಿಲ್‌ನಲ್ಲಿ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಹೋಗಿದ್ದೆವು. ಬಾಡಿಗೆಗೆ ಹಿಡಿದ ಹೈಸ್ಕೂಲು, ಅದರ ದೊಡ್ಡ ಪಾರ್ಕಿಂಗ್ ಜಾಗ. ನನ್ನ ಕಾರು ಒಂದು ಗೆರೆಯೊಳಗೆ ಹಿಡಿಯುವುದಿಲ್ಲ, ಮೂತಿ ಹೊರಗೇ ಉಳಿಯುತ್ತದೆ. ಹಾಗಾಗಿ ಮೂಲೆ ಹುಡುಕಿ ನಿಲ್ಲಿಸಿ ಡಿಕ್ಕಿಯಿಂದ ಪುಳಿಯೋಗರೆ ಟ್ರೇ ಇಳಿಸುತ್ತಿದ್ದೆ. ಪಕ್ಕದ ಹೊಸ ಎಲೆಕ್ಟ್ರಿಕ್ ಕಾರಿನಿಂದ ಪರಿಚಯದವರೊಬ್ಬರು ಇಳಿದರು. "ಏನ್ ಸಾರ್, ಏರ್‌ಪೋರ್ಟ್ ಟ್ರಿಪ್ ಹೊಡೀತಿದೀರಾ?" ಅಂದರು. ನಾನೂ ನಕ್ಕೆ. ಕೈಯಲ್ಲಿ ಪುಳಿಯೋಗರೆ ಇಟ್ಟುಕೊಂಡು ಜಗಳ ಆಡೋಕಾಗುತ್ತಾ? ಅವರು ಅಷ್ಟಕ್ಕೇ ಬಿಡಲಿಲ್ಲ. "ಎಷ್ಟು ಕೊಡತ್ತೆ?"

ಟ್ಯಾಕ್ಸಿ ಮಾತು ಅವತ್ತೇ ಮರೆತೆ. ಈ ಎರಡನೇ ಪ್ರಶ್ನೆ ಮಾತ್ರ ಇನ್ನೂ ಚುಚ್ಚುತ್ತಿದೆ.

ನನ್ನದು 1996ರ ಲಿಂಕನ್ ಟೌನ್ ಕಾರ್. ಕಪ್ಪು ಬಣ್ಣ. ಅಮೆರಿಕದ ಯಾವ ಏರ್‌ಪೋರ್ಟಿನ ಮುಂದೆ ನೋಡಿದರೂ ಒಂದು ಕಾಲದಲ್ಲಿ ಇದೇ ಕಾರು ಸಾಲಾಗಿ ನಿಂತಿರುತ್ತಿತ್ತು, ಆ ತಮಾಷೆ ಹುಟ್ಟಿದ್ದು ಅಲ್ಲಿಂದ. ಉದ್ದ 18 ಅಡಿ 3 ಇಂಚು. ಒಂದೂವರೆ ಮಾರುತಿ 800 ಜೋಡಿಸಿದರೂ ಇನ್ನೂ ಎರಡಡಿ ಹತ್ತಿರ ಮಿಗುತ್ತದೆ. ತೂಕ ಸುಮಾರು 1,800 ಕಿಲೋ. ಆಯುಧಪೂಜೆಗೆ ಇಟ್ಟ ನಿಂಬೆಹಣ್ಣು ಇದರ ಕೆಳಗೆ ಚಪ್ಪಟೆ ಕಾಗದ ಆಗಿಬಿಡುತ್ತದೆ. 4.6 ಲೀಟರಿನ ವಿ8 ಎಂಜಿನ್, ಆದರೆ ಸದ್ದೇ ಇಲ್ಲ. ಗುಂಡಿಗೆ ಬಿದ್ದರೆ ಕಿವಿಗೆ ಗೊತ್ತಾಗುತ್ತದೆ, ಸೊಂಟಕ್ಕೆ ಗೊತ್ತಾಗುವುದಿಲ್ಲ.

ಇದನ್ನು ಕೊಂಡಾಗ ನಾನು ಮಿಶಿಗನ್‌ಗೆ ಬಂದು ಎಂಟು ತಿಂಗಳಾಗಿತ್ತು. ಮಾರಿದವರು ಒಬ್ಬ ಅಜ್ಜಿ. ಗಂಡ ತೀರಿಕೊಂಡ ಮೇಲೆ ಗ್ಯಾರೇಜಿನಲ್ಲಿ ಸುಮ್ನೆ ನಿಂತಿತ್ತಂತೆ. ಆಯಿಲ್ ಬದಲಿಸಿದ ಒಂದೊಂದು ರಸೀತಿಯನ್ನೂ ಆತ ಫೈಲಿಗೆ ಹಾಕಿಟ್ಟಿದ್ದ. ಅಜ್ಜಿ ಫೈಲು ಕೈಗೆ ಕೊಟ್ಟು, ಇದರ ಮೈಲೇಜ್ ತುಂಬಾ ಕಡಿಮೆ ಅಂತ ಹೆಮ್ಮೆಯಿಂದ ಹೇಳಿದರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಪಾಪ, ಇಷ್ಟು ಪ್ರಾಮಾಣಿಕವಾಗಿ ಯಾರಾದರೂ ಕಾರು ಮಾರುತ್ತಾರಾ ಅಂದುಕೊಂಡೆ. ಅವರು ಹೇಳಿದ್ದು ಕಾರು ಓಡಿದ ಲೆಕ್ಕ. 58,000 ಮೈಲಿ. ಇಲ್ಲಿ ಮೈಲೇಜ್ ಅಂದರೆ ಸಾಮಾನ್ಯವಾಗಿ ಅದೇ, ಕಾರು ಇಲ್ಲಿಯವರೆಗೆ ಎಷ್ಟು ಬಾಳಿದೆ ಅನ್ನೋದು. ನಮ್ಮಲ್ಲಿ ಮೈಲೇಜ್ ಅಂದರೆ ನಾಳೆಯಿಂದ ನನ್ನ ಜೇಬಿಗೆ ಎಷ್ಟು ಕತ್ತರಿ ಅನ್ನೋದು.

ಇಲ್ಲಿ ಬಂಕಿನಲ್ಲಿ ನಿಂತರೆ ಯಾರಾದರೂ ಹತ್ತಿರ ಬರುತ್ತಾರೆ. ಹೆಚ್ಚಾಗಿ ಅರವತ್ತು ದಾಟಿದವರು. ಅವರದು ಒಂದೇ ಪ್ರಶ್ನೆ: ಯಾವ ವರ್ಷದ್ದು? ಈ ಹನ್ನೊಂದು ವರ್ಷದಲ್ಲಿ ಇದು ಎಷ್ಟು ಕೊಡುತ್ತದೆ ಅಂತ ಒಬ್ಬ ಅಮೆರಿಕನ್ನೂ ಕೇಳಿದ್ದು ನೆನಪಿಲ್ಲ. ವರ್ಷ ಹೇಳಿದರೆ ಅವರ ಕತೆ ಶುರು. ಅಪ್ಪನ ಬಳಿ ಇಂಥದ್ದಿತ್ತು, ಮದುವೆ ದಿನ ಇಂಥದ್ದರಲ್ಲೇ ಚರ್ಚಿಗೆ ಹೋಗಿದ್ದೆವು, ಹೀಗೆ. ಒಮ್ಮೆ ನೋವೈ ಹತ್ತಿರ ಒಬ್ಬರು ಮಾತೇ ಆಡದೆ ಬಾಗಿ, ವಿಂಡ್‌ಶೀಲ್ಡಿನ ಕೆಳಗಿರುವ, ಕಾರ್ಖಾನೆಯವರೇ ಹಾಕಿದ ಗುರುತಿನ ನಂಬರ್ ಪಟ್ಟಿ ನೋಡಿದರು. ಹನ್ನೊಂದನೇ ಅಕ್ಷರದ ಮೇಲೆ ಬೆರಳಿಟ್ಟರು. ಅದು 'ವೈ'. ವೈ ಅಂದರೆ ಈ ಕಾರು ತಯಾರಾದ ವಿಕ್ಸಮ್ ಕಾರ್ಖಾನೆ. ಅವರು ಅಲ್ಲೇ ದುಡಿದವರು. ಆ ಕಾರ್ಖಾನೆ 1957ರಲ್ಲಿ ಶುರುವಾಗಿ 2007ರಲ್ಲಿ ಮುಚ್ಚಿತು, ಈಗ ಕಟ್ಟಡವೂ ಇಲ್ಲ. ಆಮೇಲೆ ಟೌನ್ ಕಾರ್ ಕೆನಡಾದಲ್ಲಿ ತಯಾರಾಗಿ 2011ಕ್ಕೆ ನಿಂತೇಹೋಯಿತು. ಅವರು ಡ್ರೈವರ್ ಬಾಗಿಲು ಒಮ್ಮೆ ತೆಗೆದು ಹಾಕಿದರು. ಆ ಭಾರದ 'ಧಪ್' ಸದ್ದು ಕೇಳಿ ತಲೆ ಆಡಿಸಿ ಹೊರಟುಹೋದರು.

ಊರಿನಲ್ಲಾದರೆ? ಅಪ್ಪನ ಮಾರುತಿಗೆ 15 ವರ್ಷ ತುಂಬಿದಾಗ ತಮ್ಮ ಫೋನ್ ಮಾಡಿ, "ಕೊಟ್ಟುಬಿಡೋಣ ಅಣ್ಣಾ, ಆರ್‌ಸಿ ರಿನ್ಯೂ ಮಾಡಿಸೋ ತಲೆನೋವು ಬೇಡ" ಅಂದ. 2022ರ ಏಪ್ರಿಲ್‌ನಿಂದ ರಿನ್ಯೂ ಫೀಜು 600ರಿಂದ 5,000ಕ್ಕೆ ಏರಿತ್ತು. ಮಿಶಿಗನ್‌ನಲ್ಲಿ ಕಾರಿಗೆ ವಯಸ್ಸಾಯಿತು ಅಂತ ಯಾರೂ ತಪಾಸಣೆಗೆ ಕರೆಯುವುದಿಲ್ಲ. ಆದರೆ ನನಗೆ ಸಿಟ್ಟು ಬಂದಿದ್ದು ಫೀಜಿಗಲ್ಲ. ಬೀದಿಯವರ ಬಾಯಿಗೆ. "ಇನ್ನೂ ಅದೇ ಕಾರಾ? ಮಗ ಅಮೆರಿಕದಲ್ಲಿದ್ದಾನೆ ಅಂತೀರಿ?" ವರ್ಷಕ್ಕೊಮ್ಮೆ ಹೂ ಮುಡಿಸಿ ಕುಂಬಳಕಾಯಿ ಒಡೆದು ಕೈ ಮುಗಿಯುವ ಜನ ನಾವು. ಹಳೇದಾದ ಕೂಡಲೇ ಅದೇ ದೇವರು ನಾಚಿಕೆಯ ವಿಷಯ ಆಗಿಬಿಡುತ್ತದೆ. ಇಲ್ಲಿಯವರು ಪೂಜೆ ಮಾಡಲ್ಲ, ರಸೀತಿ ಇಟ್ಟುಕೊಳ್ಳುತ್ತಾರೆ.

ಈ ಕಾರನ್ನು ನಾನು ಯಾಕೆ ಕೊಂಡೆ ಅಂತ ನಿಜವಾಗಿ ಗೊತ್ತಿದ್ದದ್ದು ನನ್ನ ಹೆಂಡತಿಗೆ. ಮುಂದಿನ ಸೀಟು ಬೆಂಚು. ಗೇರು ಸ್ಟೇರಿಂಗ್ ಪಕ್ಕದ ಕೋಲು. ತೀರ್ಥಹಳ್ಳಿಯಲ್ಲಿ ನಮ್ಮ ಮಾವನ ಹಳೇ ಅಂಬಾಸಿಡರ್ ಹೀಗೇ ಇತ್ತು. ಆಗುಂಬೆ ಘಾಟಿ ಇಳಿಯುವಾಗ ಮುಂದೆ ನಾಲ್ಕು ಜನ, ನಾನು ಮಾವನ ತೊಡೆಗೂ ಬಾಗಿಲಿಗೂ ನಡುವೆ. ಟೆಸ್ಟ್ ಡ್ರೈವಿಗೆ ಕೂತಾಗ ನನ್ನ ಎಡಗಾಲು ಇಲ್ಲದ ಕ್ಲಚ್ ಹುಡುಕಿತು. ಹೆಂಡತಿ ನನ್ನ ಮುಖ ನೋಡಿ, "ಮುಗೀತು ಬಿಡಿ" ಅಂದಳು.

ಸರಿ, ಕೆಲವು ಮಾತು ಒಪ್ಪಿಕೊಳ್ಳಲೇಬೇಕು. ಇದು ಊರೊಳಗೆ ಲೀಟರಿಗೆ 7 ಕಿಲೋಮೀಟರೂ ಕೊಡಲ್ಲ. ಪರಿಚಯದವರಿಗೆ ಅವತ್ತು ನಾನು ಉತ್ತರ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ನಾನು ದಿನಾ ಆಫೀಸಿಗೆ ಹೋಗುವುದು ಹೈಬ್ರಿಡ್ ಕಾರಿನಲ್ಲಿ. ನವೆಂಬರಿನಿಂದ ಮಾರ್ಚಿನವರೆಗೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಷ್ಟೂ ದಿನ ಲಿಂಕನ್ ಗ್ಯಾರೇಜು ಬಿಟ್ಟು ಕದಲುವುದಿಲ್ಲ. ಪೆಟ್ರೋಲ್ ಅಗ್ಗ ಇರುವ ಕಡೆ, ಇನ್ನೊಂದು ಕಾರು ಇರುವವನು 'ಯಾವ ವರ್ಷದ್ದು' ಅಂತ ಕೇಳುವುದು ಸುಲಭ. ಸ್ಕೂಟರ್ ಒಂದು ಕಡೆ ಮಲಗಿಸಿ, ಎಬ್ಬಿಸಿ, ಉಳಿದ ಗುಟುಕಿನಲ್ಲಿ ಬಂಕ್ ಮುಟ್ಟಿಸಿದ ಅಪ್ಪ 'ಎಷ್ಟು ಕೊಡತ್ತೆ' ಅಂತಲೇ ಕೇಳುತ್ತಿದ್ದರು. ಪೆಟ್ರೋಲ್ ಹಾಕಿಸಿದ ದಿನ, ಕಿಲೋಮೀಟರ್ ಎಲ್ಲ ಒಂದು ಪುಟ್ಟ ಡೈರಿಯಲ್ಲಿ ಬರೆಯುತ್ತಿದ್ದರು. ಅದೂ ರಸೀತಿ ಫೈಲೇ ಅಲ್ವಾ?

ಇನ್ನೊಂದು. ಇದರ ಹಿಂದಿನ ಚಕ್ರಕ್ಕೆ ಸ್ಪ್ರಿಂಗ್ ಬದಲು ಗಾಳಿ ಚೀಲ ಇದೆ. ನನ್ನದು ಸೋರುತ್ತದೆ. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಹಿಂಭಾಗ ನೆಲಕ್ಕೆ ಕೂತಿರುತ್ತದೆ. ಇಲ್ಲಿನ ವರ್ಕ್‌ಶಾಪಿನವನು ಕಾರು ಕೊಂಡ ದುಡ್ಡಿನ ಅರ್ಧ ಹೇಳಿ, ಇಷ್ಟು ಹಳೇ ಕಾರಿಗೆ ಯಾಕೆ ಸುರೀತೀರಿ ಅಂತ ಬುದ್ಧಿಯನ್ನೂ ಹೇಳಿದ. ನಮ್ಮ ಬೀದಿಯವರದೇ ಮಾತು, ಇಂಗ್ಲಿಷಿನಲ್ಲಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಾಗಿದ್ದರೆ ಯಾರೋ ಒಬ್ಬರು ಬೀಡಿ ಕಚ್ಚಿಕೊಂಡು ಕೆಳಗೆ ನುಗ್ಗಿ, ಸಂಜೆಯೊಳಗೆ ಏನಾದರೂ ದಾರಿ ಮಾಡಿರುತ್ತಿದ್ದರು. ಹಳೇದನ್ನು ಉಳಿಸುವ ಕೈ ಅಲ್ಲೇ ಜಾಸ್ತಿ ಇದೆ. ಇದನ್ನು ಬರೆಯೋಕೆ ನನಗೆ ಇಷ್ಟ ಇರಲಿಲ್ಲ.

ಜೂನ್‌ನಲ್ಲಿ ಅಪ್ಪ ಅಮ್ಮ ಬಂದರು. ಮರುದಿನ ಬೆಳಗ್ಗೆ ಐದಕ್ಕೇ ಅಪ್ಪ ನನ್ನ ಬಾಗಿಲು ತಟ್ಟಿದರು. "ನಿನ್ನ ಕಾರು ಕೂತ್ಬಿಟ್ಟಿದೆ, ಎಬ್ಬಿಸು ಬಾ." ಎಂಜಿನ್ ಚಾಲೂ ಮಾಡಿದೆ. ಪಂಪು ಗುಂಯ್ ಅಂದಿತು, ಎಮ್ಮೆ ಏಳುವ ಹಾಗೆ ಹಿಂಭಾಗ ನಿಧಾನವಾಗಿ ಮೇಲೆದ್ದಿತು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಪೂರ್ತಿ ಏಳುವವರೆಗೂ ನೋಡಿದರು. ಆಮೇಲೆ ಮುಂದೆ ಬಂದು ಕೂತರು. ಮಧ್ಯದ ಖಾಲಿ ಸೀಟನ್ನು ಎರಡು ಸಲ ತಟ್ಟಿ, "ಅಮ್ಮನ್ನೂ ಕರಿ. ಮೂರೂ ಜನ ಇಲ್ಲೇ ಕೂರಬಹುದು" ಅಂದರು.